‘ರಿಪೋರ್ಟರ್ ಜೀನ್’ಗೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಹಾಸನದಿಂದ:
ಮಾನ್ಯರೇ, ಇಲ್ಲಿನ ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕಾಗಿ ಫಲಕ ಬರೆಯುತ್ತಿದ್ದು, ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕಾಗಿದೆ. ಚಿಕಿತ್ಸೆಗಾಗಿ ದೇಹಕ್ಕೆ ಸೇರಿಸಿದ ಜೀವಕೋಶಗಳು ಎಲ್ಲಿಗೆ ಹೋದವು, ಬದುಕಿವೆಯೇ ಎಂಬುದು ಸ್ಕ್ಯಾನಿನಲ್ಲಿ ತಿಳಿಯಲೆಂದು ಅವುಗಳೊಳಗೆ ಮೊದಲೇ ಒಂದು ಜೀನನ್ನು ಇಡುತ್ತಾರೆ. ಕರಡಿನಲ್ಲಿ ‘ವರದಿಗಾರ ವಂಶವಾಹಿ’ ಎಂದು ಬರೆದಿದ್ದೆ. ಓದಿದವರು ಇದು ಪತ್ರಕರ್ತರ ಮನೆತನದ ಕಾಯಿಲೆಯೇ ಎಂದು ಕೇಳಿದರು. ‘ಗುರುತು ಜೀನ್’ ಆದೀತೇ?

ಚಿಕ್ಕಮಗಳೂರಿನಿಂದ:
‘ಕುರುಹು’ ಇರುವಾಗ ಚರ್ಚೆಯೇ ಅನಗತ್ಯ. ಹಳಗನ್ನಡದ ‘ಕುಱುಪು’ವಿನ ಪಕಾರ ಹಕಾರವಾಗಿ ‘ಕುಱುಹು’ ಆಯಿತು. ತಮಿಳಿನ ‘ಕುಱಿಪ್ಪು’ ಇದರ ನೆಂಟ. ಶಕಟರೇಫ (ಹಳೆಯ ‘ಱ’ ಅಕ್ಷರ) ಹೋದರೂ ಅರ್ಥ ಕೆಡದೆ ಉಳಿದ ಇಂಥ ಪದವನ್ನು ಬದಿಗಿಟ್ಟು ‘ವಂಶವಾಹಿ’, ‘ಜೀನ್’ಗಳನ್ನು ಹೊರುವುದು ಶುದ್ಧ ಸೋಮಾರಿತನ.

ಸಕಲೇಶಪುರದಿಂದ:
ಜೀನಿಗೆ ಏನೆನ್ನಬೇಕೆಂಬುದನ್ನು ಮೇಲಿನವರು ಹೇಳಲೇ ಇಲ್ಲ. ಅದಿರಲಿ, ‘ಕುರುಹು’, ‘ಗುರುತು’ ಎರಡೂ ಇಲ್ಲಿ ಸಲ್ಲವು. ಕೋಶಕ್ಕೆ ಕಬ್ಬಿಣದ ಸೂಕ್ಷ್ಮಕಣಗಳನ್ನು ತುಂಬಿ ಎಂಆರ್‌ಐನಲ್ಲಿ ನೋಡುವುದು ಗುರುತು ಹಾಕುವುದು. ಕೋಶ ಒಡೆದು ಎರಡಾದಂತೆಲ್ಲ ಆ ಗುರುತು ಹಂಚಿಹೋಗಿ ಮಾಸುತ್ತದೆ, ಕೋಶ ಸತ್ತರೂ ಕಣಗಳು ಅಲ್ಲೇ ಉಳಿದು ದಾರಿ ತಪ್ಪಿಸಬಲ್ಲವು. ವರ್ಣತಂತುವಿನಲ್ಲಿ ಸೇರಿಕೊಂಡ ಜೀನಾದರೋ ಮರಿಕೋಶಗಳಿಗೂ ಇಡಿಯಾಗಿ ಇಳಿಯುತ್ತದೆ, ಬದುಕಿರುವ ಕೋಶ ಮಾತ್ರ ಅದರ ಪ್ರೋಟೀನನ್ನು ತಯಾರಿಸುತ್ತದೆ. ನಾವು ಕಾಣುವುದು ಜೀನನ್ನಲ್ಲ, ಆ ಪ್ರೋಟೀನಿನ ಕೆಲಸವನ್ನು. ಜೆಲ್ಲಿ ಮೀನಿನ ಹಸಿರಾಗಿ ಹೊಳೆಯುವ ಪ್ರೋಟೀನು (2008ರ ರಸಾಯನಶಾಸ್ತ್ರದ ನೊಬೆಲ್ ಇದಕ್ಕೇ ಸಂದಿತು), ಮಿಂಚುಹುಳದ ಬೆಳಕಿಗೆ ಕಾರಣವಾದ ಲೂಸಿಫರೇಸ್ ಕಿಣ್ವ ಇವೆಲ್ಲ ಇಲಿಗಳ ಮಟ್ಟಿಗೆ ಸರಿ; ಮನುಷ್ಯನ ಒಡಲಾಳದಿಂದ ಆ ಬೆಳಕು ಹೊರಬಾರದು. ಆದ್ದರಿಂದ ಹರ್ಪಿಸ್ ವೈರಸ್ಸಿನ ಥೈಮಿಡಿನ್ ಕೈನೇಸ್ ಜೀನನ್ನು ಬಳಸುತ್ತಾರೆ: ಅದರ ಕಿಣ್ವವು ವಿಕಿರಣಶೀಲ ಫ್ಲೋರಿನ್-18 ಬೆಸೆದ ಔಷಧಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಔಷಧ ಕೋಶದಿಂದ ಹೊರಬರಲಾರದೆ, ವಿಕಿರಣವನ್ನು ಪತ್ತೆಹಚ್ಚುವ ಪೆಟ್ ಸ್ಕ್ಯಾನಿನಲ್ಲಿ ಕಾಣುತ್ತದೆ. ‘ದೂತ’ ಎನ್ನೋಣವೆಂದರೆ ಆ ಪದವನ್ನು ಮೆಸೆಂಜರ್ ಆರ್‌ಎನ್‌ಎ (‘ದೂತ ಆರ್‌ಎನ್‌ಎ’) ಆಗಲೇ ಹಿಡಿದಿದೆ. ‘ಸೂಚಕ ಜೀನ್’ ಎನ್ನಿ.

ಚಿಕ್ಕಮಗಳೂರಿನಿಂದ:
ಪಾಠ ಕೇಳಿರಲಿಲ್ಲ, ಪದ ಕೇಳಿದ್ದರು. ‘ಸೂಚಕ’ ಲಿಟ್ಮಸ್ ಕಾಗದಕ್ಕೆ ಮೀಸಲಾಗಿದೆ. ಒಂದು ಕಾಲು ಸಂಸ್ಕೃತದಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ, ಕನ್ನಡ ಎಲ್ಲಿದೆ?

ಮೂಡಿಗೆರೆಯಿಂದ:
ನಮ್ಮ ತೋಟಗಳಲ್ಲಿ ಆಳುಗಳ ಹಾಜರಿ ಹಾಕುವವನು ‘ರೈಟರ್’. ಅವನು ಕಥೆ ಬರೆಯುತ್ತಾನೆಂದು ಯಾರೂ ಭಾವಿಸಿಲ್ಲ, ಅವನಿಗೆ ‘ಬರಹಗಾರ’ ಎಂದು ಹೆಸರಿಡಲೂ ಯಾರೂ ಹೋಗಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ‘ಪಲ್ಪರ್’ ಯಂತ್ರಕ್ಕೆ ಅಚ್ಚಗನ್ನಡ ಪದ ಹುಡುಕುತ್ತ ಕುಳಿತಿದ್ದರೆ ಹಣ್ಣು ಕಣದಲ್ಲೇ ಕೊಳೆಯುತ್ತಿತ್ತು. ‘ರಿಪೋರ್ಟರ್ ಜೀನ್’ ಎಂದೇ ಬರೆಯಲು ಅಡ್ಡಿಯೇನು?

ಹಾಸನದಿಂದ:
ಅಡ್ಡಿ ಇಷ್ಟೇ: ಫಲಕ ಓದುವವರು ಎಂಟನೆಯ ತರಗತಿಯವರು; ‘ರಿಪೋರ್ಟರ್’ ಎಂದರೆ ಅವರ ಕಣ್ಣಿಗೆ ಟಿವಿಯವರೇ ಬರುತ್ತಾರೆ. ‘ಕುರುಹು’ ಚೆನ್ನಾಗಿದೆ, ಆದರೆ ಸಕಲೇಶಪುರದವರ ಆಕ್ಷೇಪಕ್ಕೆ ಉತ್ತರ ಬರಲಿಲ್ಲ. ‘ಸೂಚಕ ಜೀನ್: ತಾನು ಕಾಣದೆ, ತನ್ನ ಪ್ರೋಟೀನಿನ ಮೂಲಕ ಕೋಶದ ಇರವನ್ನು ತಿಳಿಸುವ ಜೀನ್’ ಎಂದು ಬರೆದು ಅಂಗಡಿಗೆ ಕಳುಹಿಸಿದ್ದೇನೆ.