ಸಹಾಯ ಬೇಕು: ಮರದ ನೆಲದ ಮೇಲೆ ಟರ್ನ್‌ಟೇಬಲ್, ಜೋರು ಮಾಡಿದರೆ ಗುಂಯ್ ಸದ್ದು

ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಹಳೇ ಮನೆ. ಮಹಡಿಯ ಮರದ ನೆಲದ ಮೇಲೆ ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಮತ್ತು ಸ್ಪೀಕರ್‌ಗಳಿವೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಗುಂಯ್ ಅಂತ ಶುರುವಾಗಿ ಬೆಳೆಯುತ್ತಲೇ ಹೋಗುತ್ತದೆ. ಅದೇ ಹಾಡನ್ನು ಫೋನಿನಿಂದ ಹಾಕಿದರೆ ಏನೂ ಇಲ್ಲ. ಅಂದರೆ ಸ್ಪೀಕರಿನ ಕಂಪನ ನೆಲದ ಹಲಗೆಯಿಂದ ಸೂಜಿಗೆ ಹೋಗಿ, ಮತ್ತೆ ಸ್ಪೀಕರಿಗೇ ಬರುತ್ತಿದೆ, ಅಲ್ವಾ? ಪಕ್ಕದಲ್ಲಿ ಯಾರಾದರೂ ನಡೆದರೂ ಸೂಜಿ ಹಾರುತ್ತದೆ. ಅಪ್ಪನ ಕಾಲದ ರೆಕಾರ್ಡ್‌ಗಳು, ಗೀರು ಬಿದ್ದರೆ ಮತ್ತೆ ಸಿಗುವುದಿಲ್ಲ.

ಟರ್ನ್‌ಟೇಬಲ್ ಕೆಳಗೆ ಗ್ರಾನೈಟ್ ಕಲ್ಲು, ಅದರ ಕೆಳಗೆ ರಬ್ಬರ್ ಪ್ಯಾಡ್ ಇಟ್ಟಿದ್ದೇನೆ. ಗುಂಯ್ ಕಡಿಮೆಯಾಗಿದೆ, ಹೆಜ್ಜೆಯ ತೊಂದರೆ ಹಾಗೇ ಇದೆ. ಪ್ಯಾಡು, ಅದರ ಮೇಲಿನ ಭಾರ ಎರಡೂ ಸೇರಿ ತಮ್ಮದೇ ಒಂದು ಫ್ರೀಕ್ವೆನ್ಸಿಯಲ್ಲಿ ಕುಣಿಯುತ್ತವೆ. ಅದರ ಸುಮಾರು 1.4 ಪಟ್ಟಿಗಿಂತ ಮೇಲಿನ ಕಂಪನವನ್ನಷ್ಟೇ ಪ್ಯಾಡ್ ತಡೆಯುತ್ತದೆ; ಹೆಜ್ಜೆಯ ಕಂಪನ ಅದಕ್ಕಿಂತ ಕೆಳಗಿರಬೇಕು. ಪ್ಯಾಡ್ ಬದಲು ಮೆತ್ತನೆ ಸ್ಪ್ರಿಂಗ್ ಹಾಕಿದರೆ ಆ ಫ್ರೀಕ್ವೆನ್ಸಿಯನ್ನು ಕೆಳಗಿಳಿಸಬಹುದು. ಆದರೆ ಟೋನ್‌ಆರ್ಮ್ (ಸೂಜಿ ಹಿಡಿದಿರುವ ತೋಳು) ಸಾಮಾನ್ಯವಾಗಿ 8ರಿಂದ 12 ಹರ್ಟ್ಜ್‌ನಲ್ಲಿ ತಾನೇ ಕುಣಿಯುತ್ತದೆ. ಸ್ಪ್ರಿಂಗಿನ ಫ್ರೀಕ್ವೆನ್ಸಿಯೂ ಅಲ್ಲಿಗೇ ಬಂದು ನಿಂತರೆ ಇನ್ನೂ ಕಷ್ಟ.

ಕಲ್ಲು ಸೇರಿ ತೂಕ ಸುಮಾರು 14 ಕೆಜಿ. ಇದಕ್ಕೆ ಎಂಥ ಸ್ಪ್ರಿಂಗ್ ಸರಿ? ಅಥವಾ ಸ್ಪ್ರಿಂಗ್ ಬಿಟ್ಟು ಗೋಡೆಗೆ ಶೆಲ್ಫ್ ಹಾಕುವುದೇ ಒಳ್ಳೆಯದಾ? ನನಗೆ ಅದೇ ಸರಿ ಅನಿಸುತ್ತಿದೆ. ಜಂಬಿಟ್ಟಿಗೆ ಗೋಡೆಗೆ ಇಷ್ಟು ಭಾರದ ಶೆಲ್ಫ್ ಕೂರಿಸಿದವರು ಯಾವ ಬೋಲ್ಟ್ ಹಾಕಿದಿರಿ, ದಯವಿಟ್ಟು ಹೇಳಿ.