ಗಟ್ಟಿಮುಟ್ಟಾಗಿದ್ದರೂ ಡೆಂಗಿ ಬಂತು, ನನ್ನ ಇಮ್ಯುನಿಟಿ ಎಲ್ಲಿ ಹೋಗಿತ್ತು?

ಪ್ರಶ್ನೆ: ನನಗೆ 29 ವರ್ಷ. ದಿನಾ ಬೆಳಿಗ್ಗೆ ಓಡುತ್ತೇನೆ, ಸಿಗರೇಟು ಗಿಗರೇಟು ಇಲ್ಲ, ಅಮ್ಮ ಮಾಡಿಕೊಟ್ಟ ಅಮೃತಬಳ್ಳಿ ಕಷಾಯವನ್ನೂ ಬಿಟ್ಟಿಲ್ಲ. ಆದರೂ ಕಳೆದ ತಿಂಗಳು ಡೆಂಗಿ ಬಂದು ಎಂಟು ದಿನ ಮಲಗಿಸಿಬಿಟ್ಟಿತು. ಮೈಕೈ ನೋವು ಅಂದರೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ವೈರಸ್ ಬಗ್ಗೆ ಕೆಲಸ ಮಾಡುವವರು ಇಲ್ಲಿದ್ದೀರಲ್ಲ, ಹೇಳಿ. ನನ್ನ ಇಮ್ಯುನಿಟಿ ನಿದ್ದೆ ಮಾಡುತ್ತಿತ್ತಾ?

ಉತ್ತರ: ಇಲ್ಲ. ಆ ಒನಕೆ ಏಟಿನಲ್ಲಿ ದೊಡ್ಡ ಪಾಲು ನಿಮ್ಮ ಇಮ್ಯುನಿಟಿಯದ್ದೇ.

ಆಂಟಿಬಾಡಿ ಗೊತ್ತಿರುತ್ತೆ, ಆದರೆ ಮೊದಲ ಸಲದ ಸೋಂಕಿಗೆ ಅದು ತಯಾರಾಗಲು ಹತ್ತಿರ ಹತ್ತಿರ ಒಂದು ವಾರ ಬೇಕು. ಅಲ್ಲಿಯವರೆಗೆ ಮನೆ ಕಾಯುವುದು ಹುಟ್ಟಿನಿಂದಲೇ ಬಂದ ರಕ್ಷಣೆ. ಡೆಂಗಿ ವೈರಸ್ ಜೀವಕೋಶದೊಳಗೆ ತನ್ನ ನಕಲು ಮಾಡುವಾಗ ಎರಡು ಎಳೆಯ ಉದ್ದನೆಯ ಆರ್‌ಎನ್‌ಎ ಹುಟ್ಟುತ್ತದೆ. ನಮ್ಮ ಕೋಶದಲ್ಲಿ ಸಾಮಾನ್ಯವಾಗಿ ಅಂಥದ್ದು ಓಡಾಡುವುದಿಲ್ಲ. ಹಾಗಾಗಿ ರಿಗ್-ಐ, ಎಂಡಿಎ5 ಅನ್ನುವ ಕಾವಲು ಪ್ರೋಟೀನ್‌ಗಳು ಅದನ್ನು ಕಂಡ ಕೂಡಲೇ ಕೋಶ ಇಂಟರ್‌ಫೆರಾನ್ ಅನ್ನುವ ಎಚ್ಚರಿಕೆ ಪ್ರೋಟೀನನ್ನು ಬಿಡುಗಡೆ ಮಾಡುತ್ತದೆ. ಬೀದಿಯಲ್ಲಿ ಒಬ್ಬರು ಕಳ್ಳ ಕಳ್ಳ ಅಂತ ಕೂಗಿದರೆ ಅಕ್ಕಪಕ್ಕದವರೆಲ್ಲ ಚಿಲಕ ಹಾಕಿಕೊಳ್ಳುತ್ತಾರಲ್ಲ, ಹಾಗೆ ಪಕ್ಕದ ಕೋಶಗಳು ನೂರಾರು ಜೀನ್‌ಗಳನ್ನು ಆನ್ ಮಾಡಿಕೊಂಡು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ಈ ಇಂಟರ್‌ಫೆರಾನನ್ನು 1957ರಲ್ಲಿ ಲಂಡನ್‌ನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅನ್ನುವ ವಿಜ್ಞಾನಿಗಳು ಕಂಡುಹಿಡಿದರು. ಚಳಿ, ಜ್ವರ, ಮೈಕೈ ನೋವು ಇವೆಲ್ಲ ಬಹುಮಟ್ಟಿಗೆ ಈ ಕೂಗಾಟದ ಫಲ.

ವೈರಸ್ಸಿಗೂ ಈ ಕೂಗು ಗೊತ್ತು. ಡೆಂಗಿಯ ಹತ್ತಿರ ಇರುವುದು ಬರೀ 10 ಪ್ರೋಟೀನ್, ನಮ್ಮಲ್ಲಿ ಸುಮಾರು 20,000 ಜೀನ್. ಆದರೂ ಅದು ಮಾಡುವ ಕಿತಾಪತಿ ನೋಡಿ. ಕೋಶದೊಳಗಿನ ಪೊರೆಯನ್ನೇ ಮಡಚಿ ಪುಟ್ಟ ಚೀಲ ಮಾಡಿಕೊಂಡು, ಕಾವಲಿನವರ ಕಣ್ಣಿಗೆ ಬೀಳದ ಹಾಗೆ ಅದರೊಳಗೆ ನಕಲು ತೆಗೆಯುತ್ತದೆ. ಹೊರಬರುವ ಆರ್‌ಎನ್‌ಎಯ ತುದಿಗೆ ನಮ್ಮ ಆರ್‌ಎನ್‌ಎಗೆ ಇರುವಂಥದ್ದೇ ಟೋಪಿ ಹಾಕುತ್ತದೆ, ಕರೆಯದೆ ಮದುವೆಗೆ ಬಂದವನು ಪೇಟ ಸುತ್ತಿಕೊಂಡು ಬೀಗರ ಮಧ್ಯೆ ಕೂತ ಹಾಗೆ. ಸ್ಟಿಂಗ್ ಅನ್ನುವ ಇನ್ನೊಂದು ಎಚ್ಚರಿಕೆ ಪ್ರೋಟೀನ್ ಇದೆ, ಅದನ್ನು ಕತ್ತರಿಸಿಯೇ ಹಾಕುತ್ತದೆ.

ನನಗೆ ತುಂಬಾ ಇಷ್ಟವಾದ ಕಳ್ಳಾಟ ಕೊನೆಯದು. ಇಂಟರ್‌ಫೆರಾನ್ ಬಂದು ಕೋಶದ ಬಾಗಿಲು ತಟ್ಟಿದರೆ ಆ ಸುದ್ದಿಯನ್ನು ಒಳಗೆ ಡಿಎನ್‌ಎ ತನಕ ಒಯ್ಯುವವರಲ್ಲಿ ಸ್ಟ್ಯಾಟ್2 ಅನ್ನುವ ಪ್ರೋಟೀನೂ ಒಂದು. ಡೆಂಗಿಯ ಹತ್ತು ಪ್ರೋಟೀನ್‌ಗಳಲ್ಲಿ ಒಂದಾದ ಎನ್‌ಎಸ್5 ಅದನ್ನು ಹಿಡಿದು ನಮ್ಮ ಕೋಶದ ಕಸದ ಗಾಡಿಗೇ ಹಾಕಿಸುತ್ತದೆ. ಹೊರಗೆ ಎಷ್ಟು ಕೂಗಿದರೂ ಆ ಮನೆಯೊಳಗೆ ಕೇಳುವುದಿಲ್ಲ. ಇಲಿಯ ಸ್ಟ್ಯಾಟ್2 ಮೇಲೆ ಮಾತ್ರ ಈ ಆಟ ನಡೆಯುವುದಿಲ್ಲ. ಸಾಮಾನ್ಯ ಲ್ಯಾಬ್ ಇಲಿಗೆ ಡೆಂಗಿ ಸರಿಯಾಗಿ ಹತ್ತದಿರಲು ಇದೂ ಒಂದು ಕಾರಣ. ಅದಕ್ಕೇ ನಾವು ಇಂಟರ್‌ಫೆರಾನ್ ಗ್ರಾಹಕವೇ, ಅಂದರೆ ಆ ಕೂಗು ಕೇಳಿಸಿಕೊಳ್ಳುವ ಕಿವಿಯೇ, ಇಲ್ಲದ ಇಲಿಗಳನ್ನು ಸಾಕಬೇಕು, ಅವುಗಳ ಆರೈಕೆ ಒಂದು ದೊಡ್ಡ ತಲೆನೋವು, ಇರಲಿ ಬಿಡಿ.

ಪ್ರಶ್ನೆ (ಇನ್ನೊಬ್ಬರು): ಒಂದು ಕಡೆ ಬಾಯಿ ಮುಚ್ಚಿಸುತ್ತೆ ಅಂತೀರಿ, ಇನ್ನೊಂದು ಕಡೆ ಕೂಗಾಟದಿಂದ ಜ್ವರ ಅಂತೀರಿ. ಯಾವುದು ನಿಜ ಸರ್?

ಉತ್ತರ: ಎರಡೂ. ವೈರಸ್ ಬಾಯಿ ಮುಚ್ಚಿಸುವುದು ತಾನು ಹೊಕ್ಕ ಕೋಶದಲ್ಲಿ ಮಾತ್ರ. ರಕ್ತದಲ್ಲಿ ಡೆಂಡ್ರಿಟಿಕ್ ಅನ್ನುವ ಒಂದು ಜಾತಿಯ ಕಾವಲು ಕೋಶಗಳಿವೆ. ಅವು ಸೋಂಕಾದ ಕೋಶವನ್ನು ತಾಗಿದರೆ ಸಾಕು, ತಮಗೆ ಸೋಂಕು ಇಲ್ಲದಿದ್ದರೂ ರಾಶಿ ಇಂಟರ್‌ಫೆರಾನ್ ಸುರಿಸುತ್ತವೆ. ಅಷ್ಟು ಹೊತ್ತಿಗೆ ವೈರಸ್ಸಿನ ಕೆಲಸ ಆಗಿರುತ್ತದೆ. ಸೊಳ್ಳೆ ಕಚ್ಚಿ 4ರಿಂದ 10 ದಿನ ನೀವು ಏನೂ ಗೊತ್ತಿಲ್ಲದೆ ಓಡಾಡಿಕೊಂಡಿರುತ್ತೀರಲ್ಲ, ವೈರಸ್ಸಿಗೆ ಬೇಕಾಗಿದ್ದು ಆ ಅವಕಾಶ. ಗೆಲ್ಲಬೇಕಿಲ್ಲ, ತಡ ಮಾಡಿಸಿದರೆ ಸಾಕು. ಹಾಗಾಗಿ ನೀವು ಓಡುತ್ತಿದ್ದೀರಿ, ಕಷಾಯ ಕುಡಿದಿರಿ ಅನ್ನುವುದಕ್ಕೂ ಸ್ಟ್ಯಾಟ್2 ಕಸಕ್ಕೆ ಹೋಗುವುದಕ್ಕೂ ಸಂಬಂಧ ಇಲ್ಲ. ಅಮ್ಮನಿಗೆ ಬೈಯಬೇಡಿ.

ಪ್ರಶ್ನೆ (ಮೊದಲು ಕೇಳಿದವರು): ಹಾಗಾದರೆ ಇಂಟರ್‌ಫೆರಾನನ್ನೇ ಇಂಜೆಕ್ಷನ್ ಕೊಟ್ಟರೆ ಆಗಲ್ವಾ?

ಉತ್ತರ: ಹೆಪಟೈಟಿಸ್-ಸಿ ಅನ್ನುವ ಯಕೃತ್ತಿನ ವೈರಸ್ ಕಾಯಿಲೆಗೆ ವರ್ಷಗಟ್ಟಲೆ ಕೊಟ್ಟಿದ್ದಾರೆ, ಎಷ್ಟೋ ಜನಕ್ಕೆ ವಾಸಿಯೂ ಆಗಿದೆ. ಆದರೆ ತೆಗೆದುಕೊಂಡವರನ್ನು ಕೇಳಿ ನೋಡಿ, ಪ್ರತಿ ಇಂಜೆಕ್ಷನ್ ಆದಮೇಲೂ ಫ್ಲೂ ಬಂದ ಹಾಗೆ ಜ್ವರ, ಮೈಕೈ ನೋವು, ಕೆಲವರಿಗೆ ಖಿನ್ನತೆ. ಮಾತ್ರೆಗಳು ಬಂದ ಮೇಲೆ ಹೆಚ್ಚಿನ ಕಡೆ ಅದನ್ನು ಕೈಬಿಟ್ಟರು. ಡೆಂಗಿಯಲ್ಲಂತೂ ಸೋಂಕಾದ ಕೋಶದ ಕಿವಿಯೇ ಕೆಟ್ಟಿರುತ್ತದೆ, ಹೊರಗಿನಿಂದ ಜಾಸ್ತಿ ಕೂಗಿ ಏನು ಪ್ರಯೋಜನ?

ಪ್ರಶ್ನೆ (ಸೊರಬದ ಕಡೆಯವರು): ನಮ್ಮ ಮಂಗನ ಕಾಯಿಲೆಯೂ ಇದೇ ಜಾತಿ ಅಂತ ಕೇಳಿದ್ದೆ.

ಉತ್ತರ: ಹೌದು, ಒಂದೇ ಕುಟುಂಬ. ಡೆಂಗಿ ಸೊಳ್ಳೆಯಿಂದ ಬರುತ್ತದೆ, ಮಂಗನ ಕಾಯಿಲೆ ಉಣ್ಣೆ ಹುಳುವಿನಿಂದ. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಈ ವೈರಸ್ ಪತ್ತೆಯಾದದ್ದೂ 1957ರಲ್ಲೇ, ಅತ್ತ ಇಂಟರ್‌ಫೆರಾನ್ ಸಿಕ್ಕ ವರ್ಷವೇ. ಇದರ ಎನ್‌ಎಸ್5 ಕೂಡ ಇಂಟರ್‌ಫೆರಾನ್‌ಗೆ ಅಡ್ಡಗಾಲು ಹಾಕುವುದು ಲ್ಯಾಬ್‌ನಲ್ಲಿ ಕಂಡಿದೆ. ಕಾಡಿಗೆ ಸೊಪ್ಪು, ದರಗು ತರಲು ಹೋಗುವವರಿದ್ದರೆ ಉಣ್ಣೆ ತಡೆಯುವ ಎಣ್ಣೆ ಹಚ್ಚಿಕೊಳ್ಳಲು ಹೇಳಿ, ಬಂದ ಕೂಡಲೇ ಬಿಸಿನೀರು ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ.