ಆನರ್ಸ್ ಸೆಮಿನಾರ್‌ನ ಮೊದಲ ಸೆಮಿಸ್ಟರ್: ಪ್ರೊಫೆಸರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಮೇಡಂ. ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಈ ಸಲ ಕಂಪ್ಯೂಟರ್ ಸೈನ್ಸ್‌ಗೆ ಸೇರುತ್ತಿದ್ದೇನೆ. ಚೆನ್ನಾಗಿ ಓದುವವರಿಗಾಗಿ ಇರುವ ಆನರ್ಸ್ ಪ್ರೋಗ್ರಾಂನಲ್ಲಿ ಸೀಟು ಸಿಕ್ಕಿದೆ. ಅದರಲ್ಲಿ ಮೊದಲ ಸೆಮಿಸ್ಟರ್‌ಗೇ ಹ್ಯುಮ್ಯಾನಿಟೀಸ್ (ಸಾಹಿತ್ಯ, ತತ್ವಶಾಸ್ತ್ರದಂಥ ವಿಷಯಗಳು) ಸೆಮಿನಾರ್ ಕಡ್ಡಾಯ. ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್, ತತ್ವಜ್ಞಾನಿ ಪ್ಲೇಟೋನ ರಿಪಬ್ಲಿಕ್ ಎಲ್ಲ ಪಟ್ಟಿಯಲ್ಲಿವೆ. ಇಲ್ಲಿವರೆಗೆ ನಾನು ಓದಿದ್ದು ಬರೀ ಸೈನ್ಸ್, ಗಣಿತ. ಕ್ಲಾಸ್ ಹೇಗಿರುತ್ತದೆ? ಓದು ತುಂಬಾ ಜಾಸ್ತಿನಾ?

ಉತ್ತರ: ನಮಸ್ತೆ. ಮೊದಲು ಕ್ಲಾಸಿನ ಸ್ವರೂಪ ಹೇಳುತ್ತೇನೆ. ಸಾಮಾನ್ಯವಾಗಿ ಹದಿನೈದಿಪ್ಪತ್ತು ಜನ ಒಂದು ಮೇಜಿನ ಸುತ್ತ ಕೂತಿರುತ್ತೀರಿ. ಎಲ್ಲರ ಮುಂದೆಯೂ ಅದೇ ಪುಸ್ತಕ. ಮೇಷ್ಟ್ರು ಪಾಠ ಮಾಡುವುದು ಕಡಿಮೆ, ಕೇಳುವುದು ಜಾಸ್ತಿ. ಈ ಪದ್ಧತಿ ಜರ್ಮನಿಯ ಯೂನಿವರ್ಸಿಟಿಗಳಲ್ಲಿ ಬೆಳೆದದ್ದು. 1876ರಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿ ಅಮೆರಿಕದಲ್ಲಿ ಅದನ್ನು ಬೇರೂರಿಸಿತು. ಆಗ ಅದು ಮುಖ್ಯವಾಗಿ ಸಂಶೋಧನೆ ಮಾಡುವವರಿಗೆ ಇತ್ತು. ಮೊದಲ ವರ್ಷದವರನ್ನೂ ಹಾಗೆ ಕೂರಿಸಿ, ಮೂಲ ಕೃತಿಗಳನ್ನೇ ಓದಿಸಿ, ಮಾತಾಡಿಸುವ ರೂಢಿ ಬಂದದ್ದು ಆಮೇಲೆ. ಕೊಲಂಬಿಯಾ ಯೂನಿವರ್ಸಿಟಿಯಲ್ಲಿ 1937ರಲ್ಲಿ ಶುರುವಾದ ಅಂಥ ಒಂದು ಕೋರ್ಸ್ ಈಗಲೂ ನಡೆಯುತ್ತಿದೆ.

ಓದು ಜಾಸ್ತಿ, ಹೌದು. ಅಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಕ್ಲಾಸು, ಹೊರಗೆ ಎರಡು ಗಂಟೆ ಕೆಲಸ ಅನ್ನುವ ಲೆಕ್ಕ. ಮೂರು ಕ್ರೆಡಿಟ್ ಕೋರ್ಸಿಗೆ ಹೊರಗೆ ಆರು ಗಂಟೆ. ಆನರ್ಸ್‌ನಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಇಲಿಯಡ್‌ನಲ್ಲಿ 24 ಪುಸ್ತಕಗಳಿವೆ, ಅಂದರೆ 24 ಭಾಗ. ಎರಡೇ ವಾರದಲ್ಲಿ ಅದನ್ನು ಮುಗಿಸಿ ಅಂತ ಹೇಳುವವರೂ ಇದ್ದಾರೆ. ಗಣಿತದ ಪುಸ್ತಕದ ಹಾಗೆ ಪ್ರತಿ ಸಾಲು ಅರ್ಥವಾದ ಮೇಲೇ ಮುಂದೆ ಹೋಗುತ್ತೇನೆ ಅಂತ ಕೂರಬೇಡಿ. ಒಮ್ಮೆ ಓಡಿಸಿಕೊಂಡು ಓದಿ. ಕೈಯಲ್ಲಿ ಪೆನ್ಸಿಲ್ ಇರಲಿ. ತಡೆದು ನಿಲ್ಲಿಸಿದ ಜಾಗಕ್ಕೆಲ್ಲ ಗುರುತು ಹಾಕಿ. ಆಮೇಲೆ ಆ ಜಾಗಗಳಿಗೆ ಮಾತ್ರ ವಾಪಸ್ ಬನ್ನಿ.

ಇನ್ನೊಂದು ಮಾತು. ಮೇಷ್ಟ್ರು ಹೇಳಿದ ಅನುವಾದವನ್ನೇ ತೆಗೆದುಕೊಳ್ಳಿ. ಒಂದೊಂದು ಅನುವಾದದಲ್ಲಿ ಸಾಲಿನ ಸಂಖ್ಯೆ ಒಂದೊಂದು ಥರ ಇರುತ್ತದೆ. ಬೇರೆಯದು ತಂದರೆ ಎಲ್ಲರೂ ಒಂದು ಸಾಲು ನೋಡುವಾಗ ನೀವು ಹುಡುಕುತ್ತಾ ಕೂರಬೇಕು. ಪ್ಲೇಟೋಗೆ ಈ ತೊಂದರೆ ಕಡಿಮೆ. 1578ರಲ್ಲಿ ಅಚ್ಚಾದ ಒಂದು ಆವೃತ್ತಿಯ ಪುಟ ಸಂಖ್ಯೆಯನ್ನೇ ಇವತ್ತಿಗೂ ಬಹುತೇಕ ಎಲ್ಲರೂ ಅಂಚಿನಲ್ಲಿ ಹಾಕುತ್ತಾರೆ. ರಿಪಬ್ಲಿಕ್‌ನಲ್ಲಿ ಗುಹೆಯ ಪ್ರಸಂಗ 514ಎ (514ನೇ ಪುಟದ ಎ ಭಾಗ) ಅಂದರೆ ಯಾವ ಅನುವಾದದಲ್ಲೂ ಅದೇ ಜಾಗ. ಪುಸ್ತಕ ಕೈಗೆ ಬಂದ ದಿನವೇ ಆ ಅಂಚಿನ ಸಂಖ್ಯೆಗಳನ್ನು ಗುರುತಿಸಿಕೊಳ್ಳಿ.

ಅದೇ ವಿದ್ಯಾರ್ಥಿನಿಯ ಮರುಪ್ರಶ್ನೆ: ಮೇಡಂ, ನನಗೆ ಭಯ ಇರುವುದು ಮಾತಾಡುವುದರ ಬಗ್ಗೆ. ಭಾಗವಹಿಸುವುದಕ್ಕೇ ಅಂಕ ಇದೆಯಂತೆ. ಉಳಿದವರೆಲ್ಲ ಸಾಹಿತ್ಯ ಓದಿಕೊಂಡು ಬಂದಿರುತ್ತಾರೆ. ನಾನು ಏನು ಹೇಳಲಿ?

ಉತ್ತರ: ಇದೇ ನಿಜವಾದ ಪ್ರಶ್ನೆ. ಉದಾಹರಣೆ ಕೊಟ್ಟೇ ಹೇಳುತ್ತೇನೆ.

ಇಲಿಯಡ್‌ನ 24ನೇ ಪುಸ್ತಕದಲ್ಲಿ ಟ್ರಾಯ್‌ನ ಮುದಿ ರಾಜ ಪ್ರಿಯಮ್ ರಾತ್ರಿ ಹೊತ್ತು ಶತ್ರುವಿನ ಬಿಡಾರಕ್ಕೆ ಬರುತ್ತಾನೆ. ಮಗ ಹೆಕ್ಟರ್‌ನ ಹೆಣ ಕೊಡು ಅಂತ ಕೇಳಲು ಬಂದಿದ್ದಾನೆ. ತನ್ನ ಗೆಳೆಯನನ್ನು ಹೆಕ್ಟರ್ ಕೊಂದ ಸಿಟ್ಟಿಗೆ ಅವನನ್ನು ಕೊಂದವನು ಗ್ರೀಕ್ ವೀರ ಅಖಿಲೀಸ್. ಆ ಅಖಿಲೀಸನ ಕೈಗೇ ಪ್ರಿಯಮ್ ಮುತ್ತಿಡುತ್ತಾನೆ. ಇಬ್ಬರೂ ಅಳುತ್ತಾರೆ. ಕ್ಲಾಸಿನಲ್ಲಿ ಒಬ್ಬರು 'ಅಖಿಲೀಸನ ಕೋಪ ಕರಗಿತು, ಅವನು ಒಳ್ಳೆಯವನಾದ' ಅಂದರು ಅಂದುಕೊಳ್ಳಿ. ಎಲ್ಲರೂ ತಲೆಯಾಡಿಸುತ್ತಾರೆ. ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಈಗ ಇನ್ನೊಬ್ಬರು (ಮೂಲ ಗ್ರೀಕ್‌ನ ಲೆಕ್ಕದಲ್ಲಿ) 560ನೇ ಸಾಲಿಗೆ ಬೆರಳಿಟ್ಟು, 'ಅತ್ತು ಮುಗಿದ ಮೇಲೂ ನನ್ನನ್ನು ಕೆಣಕಬೇಡ ಅಂತ ಮುದುಕನನ್ನು ಗದರುತ್ತಾನಲ್ಲ, ಕೋಪ ಎಲ್ಲಿ ಕರಗಿತು?' ಅಂತ ಕೇಳುತ್ತಾರೆ. ಮತ್ತೊಬ್ಬರು ಸ್ವಲ್ಪ ಹಿಂದೆ ಹೋಗಿ, ಅವನು ಅತ್ತದ್ದು ತನ್ನ ತಂದೆಯನ್ನೂ ಸತ್ತ ಗೆಳೆಯನನ್ನೂ ನೆನೆದು ಅಂತ ತೋರಿಸುತ್ತಾರೆ. ಹಾಗಾದರೆ ಪ್ರಿಯಮ್‌ಗಾಗಿ ಅಲ್ಲ, ಅಲ್ವಾ? ಇನ್ನೊಬ್ಬರಿಗೆ ಮುಂದಿನ ಸಾಲುಗಳು ಕಣ್ಣಿಗೆ ಬೀಳುತ್ತವೆ. ಹೆಣ ತೊಳೆಯುವುದನ್ನು ಪ್ರಿಯಮ್ ನೋಡದ ಹಾಗೆ ದೂರ ಮಾಡಿಸಿ ಅನ್ನುತ್ತಾನೆ ಅಖಿಲೀಸ್. ನೋಡಿದರೆ ಮುದುಕ ದುಃಖ ತಡೆಯದೆ ಸಿಟ್ಟಾದಾನು, ಆಗ ತಾನು ಅವನನ್ನೂ ಕೊಂದುಬಿಟ್ಟೇನು ಅನ್ನುವ ಭಯ ಅವನಿಗೆ.

ಇವರಲ್ಲಿ ಯಾರೂ ಸಾಹಿತ್ಯದ ಸಿದ್ಧಾಂತ ಹೇಳಲಿಲ್ಲ ನೋಡಿ. ಪುಟ ನೋಡಿ ಕೇಳಿದರು, ಅಷ್ಟೇ. ನಿಮಗೂ ಬೇಕಾಗಿರುವುದು ಇದೇ. ಪ್ರತಿ ಕ್ಲಾಸಿಗೆ ಒಂದು ಪ್ರಶ್ನೆ ಬರೆದುಕೊಂಡು ಹೋಗಿ, ಪಕ್ಕದಲ್ಲಿ ಸಾಲಿನ ಸಂಖ್ಯೆ ಇರಲಿ. ಉತ್ತರ ಗೊತ್ತಿರಬೇಕಾಗಿಲ್ಲ. ಮೊದಲ ಕಾಲು ಗಂಟೆಯೊಳಗೆ ಒಂದು ಮಾತು ಆಡಿಬಿಡಿ, ಕಾಯುತ್ತಾ ಹೋದಷ್ಟೂ ಬಾಯಿ ಕಟ್ಟುತ್ತದೆ. ಇನ್ನೊಬ್ಬರ ಮಾತನ್ನು ಹಿಡಿದು ಮುಂದುವರಿಸಿದರೂ ಅದು ಭಾಗವಹಿಸಿದ ಹಾಗೆಯೇ. ಹತ್ತು ಸಲ ಸುಮ್ನೆ ಮಾತಾಡುವವರಿಗಿಂತ ಎರಡು ಸಲ ಪುಟ ತೆರೆಸುವವರನ್ನು ನಾನು ಹೆಚ್ಚು ಮೆಚ್ಚುತ್ತೇನೆ. ತೀರಾ ಕಷ್ಟವಾದರೆ ಆಫೀಸ್ ಅವರ್‌ಗೆ ಹೋಗಿ ಮೇಷ್ಟ್ರ ಹತ್ತಿರ ನೇರವಾಗಿ ಹೇಳಿ. ಆ ಸಮಯ ಇರುವುದೇ ನಿಮಗಾಗಿ.

ಇನ್ನೊಬ್ಬ ವಿದ್ಯಾರ್ಥಿಯ ಪ್ರಶ್ನೆ: ಪ್ರಬಂಧಗಳು ಹೇಗಿರಬೇಕು ಮೇಡಂ? ಸ್ಕೂಲಿನಲ್ಲಿ ಪೀಠಿಕೆ, ಮೂರು ಅಂಶ, ಉಪಸಂಹಾರ ಅಂತ ಕಲಿಸಿದ್ದರು.

ಉತ್ತರ: ಆ ಅಚ್ಚನ್ನು ಬಿಟ್ಟುಬಿಡಿ. ಇಲ್ಲಿ ಬೇಕಾಗಿರುವುದು ಯಾರಾದರೂ 'ಇಲ್ಲ, ನಾನು ಒಪ್ಪಲ್ಲ' ಅನ್ನಬಹುದಾದ ಒಂದು ವಾದ. 'ಇಲಿಯಡ್ ಯುದ್ಧದ ಭೀಕರತೆ ತೋರಿಸುತ್ತದೆ' ಅನ್ನುವುದಕ್ಕೆ ಯಾರೂ ಎದುರು ಹೇಳುವುದಿಲ್ಲ. ಅದು ವಾದವೇ ಅಲ್ಲ. 'ಕೊನೆಯಲ್ಲಿ ಅಖಿಲೀಸನಿಗೆ ಕೋಪ ಹೋಗಿಲ್ಲ, ತನ್ನ ಕೋಪದ ಅಳತೆ ತಿಳಿದಿದೆ' ಅಂದರೆ ಅದನ್ನು ಸಾಧಿಸಿ ತೋರಿಸಬೇಕಾಗುತ್ತದೆ. ಮೇಲಿನ ಆ ಸಾಲುಗಳೇ ಸಾಕ್ಷಿ. ಕತೆಯನ್ನು ಮತ್ತೆ ಹೇಳಬೇಡಿ, ಮೇಷ್ಟ್ರು ಓದಿರುತ್ತಾರೆ.

ಮೊದಲ ಪ್ರಬಂಧದ ಅಂಚು ತುಂಬಾ ಟಿಪ್ಪಣಿ ಬಂದರೆ, ಗ್ರೇಡ್ ಅಂದುಕೊಂಡದ್ದಕ್ಕಿಂತ ಕೆಳಗಿದ್ದರೆ, ಕುಸಿಯಬೇಡಿ. ಯಾವಾಗಲೂ ಎ ಪಡೆದವರೇ ಆ ಕೋಣೆಯಲ್ಲಿ ಇರುವುದು, ಹಾಗಾಗಿ ಎಲ್ಲರಿಗೂ ಅದು ನೋಯುತ್ತದೆ. ಕ್ಯಾಂಪಸ್‌ನಲ್ಲಿ ಬರವಣಿಗೆಗೆ ನೆರವು ಕೊಡುವ ರೈಟಿಂಗ್ ಸೆಂಟರ್ ಇರುತ್ತದೆ, ಚೆನ್ನಾಗಿ ಬರೆಯುವವರೂ ಅಲ್ಲಿಗೆ ಹೋಗುತ್ತಾರೆ. ಎಐ ಬಳಸಬಹುದಾ ಅನ್ನುವುದನ್ನು ಸಿಲಬಸ್‌ನಲ್ಲೇ ನೋಡಿ, ಬರೆದಿಲ್ಲದಿದ್ದರೆ ಕೇಳಿ. ನನ್ನ ಮಾತು ಕೇಳಿದರೆ, ಪುಸ್ತಕದ ಸಾರಾಂಶ ಯಾವುದನ್ನೂ ಮೊದಲೇ ಓದಬೇಡಿ, ಅದನ್ನು ಬರೆದವರು ಯಾರೇ ಆಗಿರಲಿ. ನಿಮ್ಮನ್ನು ತಡೆದು ನಿಲ್ಲಿಸಬೇಕಾದ ಜಾಗವನ್ನೇ ಅದು ನುಣುಪು ಮಾಡಿಬಿಟ್ಟಿರುತ್ತದೆ.

ಒಬ್ಬ ತಂದೆಯ ಪ್ರಶ್ನೆ: ನನ್ನ ಮಗ ಎಂಜಿನಿಯರಿಂಗ್ ಓದುವವನು. ಇದರಿಂದ ಅವನಿಗೇನು ಉಪಯೋಗ? ಗ್ರೇಡ್ ಹಾಳಾಗುವುದಿಲ್ಲವೇ?

ಉತ್ತರ: ಸರ್, ಗ್ರೇಡ್ ವಿಷಯ ಮೊದಲು. ಆನರ್ಸ್‌ನಲ್ಲಿ ಉಳಿಯಲು ಎಷ್ಟು ಜಿಪಿಎ (ಗ್ರೇಡುಗಳ ಸರಾಸರಿ) ಬೇಕು ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಅದನ್ನೂ, ಕೋರ್ಸ್ ಬಿಡಲು ಕೊನೆಯ ದಿನಾಂಕವನ್ನೂ ಮಗ ಈಗಲೇ ನೋಡಿಟ್ಟುಕೊಳ್ಳಲಿ. ಎಲ್ಲ ವಿದ್ಯಾರ್ಥಿಗಳೂ ಮಾಡಬೇಕಾದ ಸಾಮಾನ್ಯ ಕೋರ್ಸುಗಳ ಲೆಕ್ಕಕ್ಕೆ ಈ ಸೆಮಿನಾರ್ ಸೇರುವುದು ರೂಢಿ. ಸೇರುತ್ತದಾ ಅಂತ ಅಡ್ವೈಸರ್ ಹತ್ತಿರ ಖಚಿತಪಡಿಸಿಕೊಳ್ಳಲಿ.

ಉಪಯೋಗ ಅಂದಿರಿ. ಮೊದಲ ವರ್ಷದ ಎಂಜಿನಿಯರಿಂಗ್ ಕ್ಲಾಸುಗಳಲ್ಲಿ ನೂರಾರು ಜನ ಕೂತಿರುತ್ತಾರೆ. ಅವನ ಹೆಸರು, ಅವನು ಯೋಚಿಸುವ ರೀತಿ ಎರಡೂ ಗೊತ್ತಿರುವ ಪ್ರೊಫೆಸರ್ ಆ ವರ್ಷ ಬಹುಶಃ ಈ ಸೆಮಿನಾರ್‌ನವರೊಬ್ಬರೇ. ಮುಂದೆ ಶಿಫಾರಸು ಪತ್ರ ಬೇಕಾದಾಗ ಅದು ದೊಡ್ಡದು. ಅನೇಕ ಪ್ರೋಗ್ರಾಂಗಳಲ್ಲಿ ಕೊನೆಯ ವರ್ಷ ಆನರ್ಸ್ ಥೀಸಿಸ್, ಅಂದರೆ ದೊಡ್ಡ ಸಂಶೋಧನಾ ಪ್ರಬಂಧ, ಬರೆಯಬೇಕಾಗುತ್ತದೆ. ಒಂದು ಪ್ರಶ್ನೆ ಹಿಡಿದು ತಿಂಗಳುಗಟ್ಟಲೆ ಕೂರುವ ಅಭ್ಯಾಸ ಇಲ್ಲಿಂದಲೇ ಶುರುವಾಗುವುದು. ಇದಿಷ್ಟೂ ಇಲ್ಲದಿದ್ದರೂ ನಾನು ಓದಲಿ ಅಂತಲೇ ಹೇಳುತ್ತಿದ್ದೆ, ಸರ್. ಹದಿನೆಂಟರ ವಯಸ್ಸಿನಲ್ಲಿ ಪ್ರಿಯಮ್‌ನ ಆ ರಾತ್ರಿಯನ್ನು ಓದುವುದಕ್ಕೆ ಬೇರೆ ಕಾರಣ ಬೇಕು ಅಂತ ನನಗೆ ಅನಿಸಿಲ್ಲ.

ಮೊದಲ ವಿದ್ಯಾರ್ಥಿನಿ: ತುಂಬಾ ಧನ್ಯವಾದ ಮೇಡಂ. ಕ್ಲಾಸ್ ಶುರುವಾಗಲು ಇನ್ನೂ ಸಮಯ ಇದೆ. ಈಗ ಏನು ಮಾಡಲಿ?

ಉತ್ತರ: ಪ್ರೊಫೆಸರ್‌ಗೆ ಎರಡು ಸಾಲಿನ ಮೇಲ್ ಬರೆದು, ಮೊದಲು ಯಾವ ಪುಸ್ತಕ, ಯಾವ ಅನುವಾದ ಅಂತ ಕೇಳಿ. ಅದು ಬಂದ ಕೂಡಲೇ ಓದಲು ಶುರು ಮಾಡಿ. ಇಲಿಯಡ್‌ನೇ ಮೊದಲು ಆದರೆ 2ನೇ ಪುಸ್ತಕದಲ್ಲಿ ಹಡಗುಗಳ ಉದ್ದ ಪಟ್ಟಿ ಬರುತ್ತದೆ. ಅಲ್ಲಿ ಬೇಸರವಾಗಿ ಪುಸ್ತಕ ಮುಚ್ಚಿಬಿಡಬೇಡಿ. ಕಣ್ಣಾಡಿಸಿಕೊಂಡು 3ಕ್ಕೆ ಹೋಗಿ.